ಇಪ್ಪತ್ತೆಂಟನೆಯ ದಿನ

ಸಿಸ್ಟರ್ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಸ್ಟ್ಯಾಂಡಿನಲ್ಲಿದ್ದ ಗಾಜಿನ ನಳಿಕೆಗಳು ಅದುರಿದವು.

"ಆರು, ಹದಿನಾಲ್ಕು, ಹದಿನೇಳು. ಇಪ್ಪತ್ತೆಂಟನೇ ದಿನದ ಸ್ಯಾಂಪಲ್ ಬಾಕಿ, ತಕ್ಷಣ ಕಳಿಸಿ ಅಂತ ಸೋಮವಾರ ಬಂದರೆ ಸಾಕು ಚೀಟಿ. ಎಲ್ಲಿಂದ ತರಲಿ ಮೇಡಂ? ಮಣ್ಣು ಅಗೆದು ತರಲಾ?"

ಸಂಶೋಧಕಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಚೀಟಿ ಅವಳದೇ, ಕಂಪ್ಯೂಟರಿಗೆ ಹೇಳಿಟ್ಟಿದ್ದಳು, ಅದು ತಾನಾಗಿ ಕಳಿಸುತ್ತಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಎದೆಯಿಂದ ಹೀರಿ ತೆಗೆದ ನಾಲ್ಕು ಹನಿ ನೀರು, ಅದರ ಮೇಲೊಂದು ನಂಬರು. ಅವಳ ಪಾಲಿಗೆ ಬರುತ್ತಿದ್ದುದು ಅಷ್ಟೇ. ಮುಖಗಳೆಲ್ಲ ಎರಡು ಮಹಡಿ ಕೆಳಗೆ, ಸಿಸ್ಟರ್ ಪಾಲಿಗೆ.

"ಮೂರೂ...?"

"ಮೂರೂ. ಉಸಿರಾಟ ಚೆನ್ನಾಗೇ ಆಗಿತ್ತು, ಅದೇ ನನ್ನ ಹೊಟ್ಟೆ ಉರಿಸೋದು. ಇನ್ನೇನು ಮೆಷಿನ್ ತೆಗೆಯೋಣ ಅಂತಿದ್ವಿ, ನಂಜೇರಿತು. ಬೆಳಿಗ್ಗೆ ಹಾಲು ಒಲ್ಲೆ ಅಂದವು, ಸಂಜೆಗೆ ಇಲ್ಲ. ನಿಮ್ಮ ಪ್ರೊಫೆಸರಿಗೆ ಮೂರು ಸಲವೂ ಹೇಳಿದ್ದೀನಿ. ನಿಮಗೆ ಹೇಳಲಿಲ್ವಾ?"

ಹೇಳಿರಲಿಲ್ಲ. ಆ ಮಕ್ಕಳ ಮೇಲೆ ಅವರು ಪರೀಕ್ಷಿಸುತ್ತಿದ್ದುದು ಶ್ವಾಸಕೋಶದ ಊತ ಇಳಿಸಲು ಮೈಯ ಕಾವಲು ಕಣಗಳನ್ನು ಮಲಗಿಸುವ ಹೊಸ ಮದ್ದು. ಕಾವಲು ಮಲಗಿದರೆ ಒಳಗೆ ಏನು ನುಗ್ಗೀತೆಂದು ಆ ಕಟ್ಟಡದಲ್ಲಿ ಅವಳಷ್ಟು ಬಲ್ಲವರಿರಲಿಲ್ಲ. ಕಡತ ತೆಗೆದಳು. ಮೂರು ನಂಬರುಗಳ ಮುಂದೆ, ಕಾರಣ ಎಂಬ ಕಾಲಮ್ಮಿನಲ್ಲಿ, ಪ್ರೊಫೆಸರರ ದುಂಡಕ್ಷರ: 'ಮಗು ಲಭ್ಯವಿಲ್ಲ.' ಅಂಗಡಿಯಲ್ಲಿ ಸೋಪು ಮುಗಿದ ಹಾಗೆ. ಎದ್ದು ನೇರ ಪ್ರೊಫೆಸರರ ಕೋಣೆಗೆ ಹೋದಳು.

"ಬಾಮ್ಮ, ಸರಿಯಾದ ಹೊತ್ತಿಗೆ ಬಂದೆ," ಎಂದರು ಪ್ರೊಫೆಸರ್, ವರದಿಯನ್ನು ಅವಳತ್ತ ಸರಿಸುತ್ತ. "ಇಲ್ಲೊಂದು ಸಹಿ ಹಾಕು. ಮುಂದಿನ ತಿಂಗಳಿಂದ ಎಲ್ಲ ಆಸ್ಪತ್ರೆಯಲ್ಲೂ ನಮ್ಮ ಮದ್ದೇ."

ಮಕ್ಕಳು: ಇಪ್ಪತ್ತೊಂದು. ಸಾವು: ಸೊನ್ನೆ.

"ಇಪ್ಪತ್ನಾಲ್ಕು ಮಕ್ಕಳಿಗೆ ಕೊಟ್ಟಿದ್ವಿ ಸರ್."

"ಮೂರರದ್ದು ಕೊನೇ ಸ್ಯಾಂಪಲ್ ಇಲ್ಲ. ಸ್ಯಾಂಪಲ್ ಇಲ್ಲದ ಮಗುವನ್ನ ಕೈಬಿಡಬೇಕು ಅಂತ ನಿಯಮ ಬರೆದವಳು ನೀನೇ ಅಲ್ವಾ?"

"ಸತ್ತ ಮಗು ಸ್ಯಾಂಪಲ್ ಹೇಗೆ ಕೊಡುತ್ತೆ ಸರ್?"

"ಮೆಲ್ಲಗೆ ಮಾತಾಡು. ಅಂಗೈಯಷ್ಟಿದ್ದ ಕೂಸುಗಳು, ಹೇಗಿದ್ರೂ ಹೋಗ್ತಿದ್ವು. ನಾನೇನು ಸುಳ್ಳು ಬರೆದಿದ್ದೀನಾ? ಇಪ್ಪತ್ತೆಂಟು ದಿನ ಪೂರೈಸಿದ ಮಕ್ಕಳಲ್ಲಿ ಒಂದೂ ಸತ್ತಿಲ್ಲ."

ಆ ಮಾತು ಅವರಿಗೇ ಹಿಡಿಸಿತು, ಸಣ್ಣಗೆ ನಕ್ಕರು. ಅವಳು ಪೆನ್ನಿನ ಮುಚ್ಚಳ ತೆಗೆದಿದ್ದಳು. ನಿಯಮ ಬರೆದದ್ದು ತಾನೇ, ನಿಜ. ಆ ಮುಖದ ಮೇಲೆ ಶಾಯಿ ಎರಚುವ ಆಸೆಯನ್ನು ಹಲ್ಲು ಕಚ್ಚಿ ತಡೆದು, ಮುಚ್ಚಳ ಮತ್ತೆ ಹಾಕಿ, ವರದಿಯನ್ನೇ ಎತ್ತಿಕೊಂಡು ಎದ್ದಳು.

"ಎಲ್ಲಿಗೆ?"

"ಕೆಳಗೆ. ಇಪ್ಪತ್ತೈದನೇ ಮಗುವಿಗೆ ಹನ್ನೊಂದು ಗಂಟೆಗೆ ಮದ್ದು ಕೊಡ್ತಾರೆ."

ಲಿಫ್ಟಿಗೆ ಕಾಯಲಿಲ್ಲ. ಅವಳು ಮೆಟ್ಟಿಲಿಳಿದು ವಾರ್ಡಿಗೆ ಬಂದಾಗ ಸಿಸ್ಟರ್ ಸಿರಿಂಜಿಗೆ ಮದ್ದು ಏರಿಸುತ್ತಿದ್ದಳು. ಗಾಜಿನ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ಎದೆಯೊಂದು ಏರುತ್ತಿತ್ತು, ಇಳಿಯುತ್ತಿತ್ತು. ಸಂಶೋಧಕಿ ಅದನ್ನು ನೋಡಿದ್ದು ಅದೇ ಮೊದಲು.

"ಕೊಡಬೇಡಿ," ಎಂದಳು. ಸಿರಿಂಜನ್ನು ಕಸಿದು ಕಸದ ಡಬ್ಬಿಗೆ ಎಸೆದಳು. ಫ್ರಿಜ್ಜಿನಿಂದ ಮದ್ದಿನ ಪೆಟ್ಟಿಗೆಯನ್ನೇ ತೆಗೆದು ಕಂಕುಳಲ್ಲಿಟ್ಟುಕೊಂಡಳು. "ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟ ಸಮಿತಿಯವರ ಹತ್ತಿರ ಹೋಗ್ತಿದ್ದೀನಿ. ಆ ಮೂರು ಮಕ್ಕಳು ತೀರಿಕೊಂಡ ತಾರೀಕು ಬರೆದುಕೊಡಿ."

ಸಿಸ್ಟರ್ ಪುಸ್ತಕ ನೋಡಲಿಲ್ಲ. ಹಿಂದಿನ ಸೋಮವಾರ ಬಂದಿದ್ದ ಚೀಟಿಯ ಹಿಂಬದಿಗೆ ನೆನಪಿನಿಂದಲೇ ಮೂರನ್ನೂ ಬರೆದಳು. ಆಮೇಲೆ ಕೇಳಿದಳು:

"ಈಗ ಪ್ರೊಫೆಸರ್ ಬಂದು ಹಾರಾಡ್ತಾರೆ. ಹನ್ನೊಂದು ಗಂಟೆ ಮದ್ದು ಯಾಕೆ ಕೊಡಲಿಲ್ಲ ಅಂತ, ಕಾರಣದ ಕಾಲಮ್ಮಿನಲ್ಲಿ ಏನು ಬರೀಲಿ?"

ಅವಳು ಬಾಗಿಲಲ್ಲಿ ನಿಂತು ತಿರುಗಿದಳು.

"'ಲಭ್ಯವಿಲ್ಲ' ಅಂತ ಬರೀರಿ."