ಶಿಖರದ ಮುತ್ತು

"ರಾತ್ರಿಯೆಲ್ಲ ನಿದ್ದೆ ಇಲ್ಲ ಅವರಿಗೆ. ಹೊರಳಾಡಿದ್ದೇ ಹೊರಳಾಡಿದ್ದು, ನಿಟ್ಟುಸಿರು ಬಿಟ್ಟಿದ್ದೇ ಬಿಟ್ಟಿದ್ದು," ಎಂದಳು ಮುದುಕಿ ಬುರ್ಗಾ, ಬ್ರೆಡ್ ಅಂಗಡಿಯ ಕಟ್ಟೆಗೆ ಒರಗಿಕೊಂಡು.

ಅಂಗಡಿಯ ಝೆನ್ಸಿ ಬ್ರೆಡ್ ಕೊಯ್ಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಪರರ ಮನೆಯ ಸುದ್ದಿ ಎಂದರೆ ಅವಳಿಗೆ ಮೈಯೆಲ್ಲ ಕಿವಿ.

"ಯಾರಿಗೆ, ನಿನ್ನ ಗಂಡ ಕೋರ್ಬಿನಿಯನ್‌ಗಾ? ಏನಾಯ್ತೇ?"

"ಏನಂತ ಹೇಳ್ಲಿ. ಬೆಳಗ್ಗೆ ಒಂದು ತುತ್ತು ತಿನ್ಲಿಲ್ಲ. ನುಣ್ಣಗೆ ಗಡ್ಡ ಬೋಳಿಸ್ಕೊಂಡ್ರು, ಹಬ್ಬದ ಅಂಗಿ ಹಾಕ್ಕೊಂಡ್ರು. ಕನ್ನಡಿ ಮುಂದೆ ನಿಂತು ಕೆನ್ನೆ ಸವರ್ಕೊಂಡ್ರು. ಎಲ್ಲಿಗೆ ಹೋಗ್ತೀನಿ ಅಂತ ಯಾರಿಗೂ ಹೇಳ್ಬೇಡ ಅಂತ ತಾಕೀತು ಬೇರೆ. ಈ ವಯಸ್ಸಲ್ಲಿ ನಾಚಿಕೆಯಂತೆ!"

ಝೆನ್ಸಿಯ ಕಣ್ಣುಗಳು ಅಗಲವಾದವು. "ಅಯ್ಯೋ ಬುರ್ಗಾ! ಒಬ್ಬ ಗಂಡಸು ನಿನ್ನ ಗಂಡನ ಥರದ್ದೇ ಬೂದು ಟೋಪಿ ಹಾಕ್ಕೊಂಡು ರಾಬೆನ್‌ಕೋಗೆಲ್ ದಾರಿ ಹಿಡಿದದ್ದು ನೋಡ್ದೆ ಕಣೇ. ಜೊತೆಗೆ ಕೆಂಪು ಜಾಕೆಟ್ಟಿನ ಹೆಂಗಸು. ಬೆನ್ನಷ್ಟೇ ಕಾಣಿಸ್ತು."

ಬುರ್ಗಾ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ರಾಬೆನ್‌ಕೋಗೆಲ್ ಊರಿನ ನೆತ್ತಿಯ ಮೇಲೇ ನಿಂತಿರುವ ಶಿಖರ. ತುದಿಯಲ್ಲಿನ ಶಿಲುಬೆಯನ್ನು ಮುಟ್ಟಿದವರು ಒಬ್ಬರಿಗೊಬ್ಬರು ಕೆನ್ನೆಗೆ ಮುತ್ತಿಡಬೇಕು. ಅದು ಹಿಂದಿನಿಂದ ಬಂದ ರೂಢಿ. ಗುರುತು ಪರಿಚಯ ಬೇಕಿಲ್ಲ. ಪಾದ್ರಿಗಳೂ ಅದನ್ನು ತಪ್ಪೆನ್ನುವುದಿಲ್ಲ. ಆದರೆ ಮುತ್ತಿಗಾಗಿಯೇ ಒಬ್ಬಳನ್ನು ಮೇಲಕ್ಕೆ ಕರೆದೊಯ್ದರೆ ಊರು ಸುಮ್ಮನಿರುವುದಿಲ್ಲ. ಬುರ್ಗಾಳಿಗೂ ಕೋರ್ಬಿನಿಯನ್‌ಗೂ ಮದುವೆ ಕುದುರಿದ್ದು ಅಂಥದೇ ಮುತ್ತಿನಿಂದ.

"ನಾನು ಮೇಲೆ ಹೋಗ್ಬೇಕು," ಎಂದಳು ಬುರ್ಗಾ.

ಬೇರೆ ದಿನವಾಗಿದ್ದರೆ ಊರೇ ಅಡ್ಡ ನಿಲ್ಲುತ್ತಿತ್ತು. ಮೊಣಕಾಲಿನ ಆಪರೇಷನ್ ಆದಾಗಿನಿಂದ ಎಲ್ಲರೂ ಅವಳಿಗೆ ಕಾವಲು. "ನಿಧಾನವಾಗಿ ಹತ್ತಿ, ಏನೂ ಆಗಲ್ಲ," ಎಂದಿದ್ದರು ವೈದ್ಯರು. ಆದರೆ ಅಲ್ಲಿ ಪ್ರತಿ ಮನೆಯಲ್ಲೂ ವೈದ್ಯರಿಗಿಂತ ಬಲ್ಲವರಿದ್ದರು. ಸೊಸೆ ಗೆರ್ಲಿಂಡೆಯಂತೂ ಅತ್ತೆಯ ಬೂಟುಗಳನ್ನು ಚೀಸ್ ಇಡುವ ನೆಲಮಾಳಿಗೆಗೆ ಹಾಕಿ, ಬೀಗದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು. ಹೋದ ಬೇಸಿಗೆಯಲ್ಲಿ ಬುರ್ಗಾ ಕದ್ದು ಹೊರಟಾಗ, ಹಾಲಿನ ಜೀಪಿನ ವಿಗಿಲ್ ಅರ್ಧ ದಾರಿಯಿಂದ ಹಿಡಿದು ತಂದು ಮನೆ ಬಾಗಿಲಲ್ಲಿ ಇಳಿಸಿದ್ದ. ಅಂದಿನಿಂದ ಮನೆ ಮುಂದಿನ ಬೆಂಚೇ ಗತಿ. ಶಿಖರವನ್ನು ನೋಡಿ ನೋಡಿ ಅವಳಿಗೆ ಕುತ್ತಿಗೆ ನೋವು ಬಂದಿತ್ತು.

ಇವತ್ತು ಗಾಳಿಯೇ ತಿರುಗಿತ್ತು. ಝೆನ್ಸಿ ಅಂಗಡಿಗೆ ಬೀಗ ಹಾಕಿದಳು. ಸುದ್ದಿ ಕೇಳಿದ ಗೆರ್ಲಿಂಡೆ ಬೂಟು ಹಿಡಿದೇ ಓಡಿ ಬಂದಳು.

"ಮನೆ ಮಾನ ಹರಾಜಾಗ್ತಿದೆ, ನೀವು ಇನ್ನೂ ನಿಂತಿದೀರಲ್ಲ ಅತ್ತೆ! ಕಾಲು ಕೊಡಿ ಇಲ್ಲಿ," ಎಂದು ತಾನೇ ಲೇಸು ಬಿಗಿದಳು.

ವಿಗಿಲ್ ಜೀಪಿನ ಬಾಗಿಲು ತೆರೆದ. "ಹತ್ತಿ ದೊಡ್ಡಮ್ಮ. ಹುಲ್ಲುಗಾವಲಿನವರೆಗೂ ಬಿಡ್ತೀನಿ. ಆಮೇಲೆ ಬೇಕಾದ್ರೆ ಹೊತ್ತುಕೊಂಡೇ ಹೋಗ್ತೀನಿ. ಇದನ್ನ ತಪ್ಪಿಸ್ಕೊಳ್ಳೋಕಾಗತ್ತಾ?"

ಹೊರಡುವ ಮುನ್ನ ಒಮ್ಮೆ ಮನೆಗೆ ಹೋಗಿ ಬಂದ ಬುರ್ಗಾಳ ಬೆನ್ನಮೇಲಿನ ಚೀಲ ಉಬ್ಬಿತ್ತು. "ಏನಿದೆ ಅದರಲ್ಲಿ?" ಎಂದು ಸೊಸೆ ಕೇಳಿದಳು.

"ಮೇಲೆ ಬೇಕಾಗತ್ತೆ."

ಲಟ್ಟಣಿಗೆಯೇ ಇರಬೇಕು ಎಂದುಕೊಂಡಳು ಗೆರ್ಲಿಂಡೆ. ಅತ್ತೆಯ ಮೇಲೆ ಅವಳಿಗೆ ಮೊದಲ ಸಲ ಅಭಿಮಾನ ಉಕ್ಕಿತು.

ಹುಲ್ಲುಗಾವಲು ದಾಟಿದ ಮೇಲೆ ಬುರ್ಗಾ ಹೆಜ್ಜೆಗೊಮ್ಮೆ ನಿಲ್ಲತೊಡಗಿದಳು. ಝೆನ್ಸಿಯ ದುರ್ಬೀನು ಇಸಿದುಕೊಂಡು, ಕಣಿವೆಯಾಚೆ ಹೊಳೆಯುತ್ತಿದ್ದ ಹಿಮರಾಶಿಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಆ ಕಡೆ ಅಲ್ಲ ಕಣೇ, ದಾರಿ ಈ ಕಡೆ!" ಝೆನ್ಸಿ ಸಿಡುಕಿದಳು.

"ಎಲ್ಲಾ ಕಡೆ ನೋಡ್ಬೇಕಲ್ಲ," ಎಂದಳು ಬುರ್ಗಾ. ಅವಳ ಕಣ್ಣು ಒದ್ದೆಯಾಗಿತ್ತು. ಪಾಪ, ಎದೆ ಒಡೆದಿರಬೇಕು ಎಂದು ಉಳಿದವರು ಮುಖ ಮುಖ ನೋಡಿಕೊಂಡರು.

"ಅಗೋ, ಕೆಂಪು ಜಾಕೆಟ್!" ವಿಗಿಲ್ ಶಿಖರದತ್ತ ಬೆರಳು ಮಾಡಿದ. ಶಿಲುಬೆಯ ಬಳಿ ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ಒಂದು ಬೂದು ಚುಕ್ಕೆ. ಆಮೇಲೆ ಯಾರೂ ದಣಿವೆನ್ನಲಿಲ್ಲ. ಕೊನೆಯ ಬಂಡೆಗಳಲ್ಲಿ ವಿಗಿಲ್ ಮೇಲಿನಿಂದ ಕೈಹಿಡಿದು ಎಳೆದ. ಗೆರ್ಲಿಂಡೆ ಕೆಳಗಿನಿಂದ ಅತ್ತೆಗೆ ಹೆಗಲು ಕೊಟ್ಟಳು. ಝೆನ್ಸಿ ಬೈಯುವ ಮಾತುಗಳನ್ನು ಈಗಾಗಲೇ ಜೋಡಿಸಿಟ್ಟುಕೊಂಡಿದ್ದಳು.

"ಮಾವ!" ತುದಿ ಮುಟ್ಟಿದ್ದೇ ಗೆರ್ಲಿಂಡೆ ಅಬ್ಬರಿಸಿದಳು.

ಬೂದು ಟೋಪಿ ತಿರುಗಿತು. ಹರೆಯದ ಮುಖ, ಕೆಂಚು ಗಡ್ಡ. ಯಾರೋ ಡಚ್ ಪ್ರವಾಸಿ. ಪಕ್ಕದಲ್ಲಿ ಅವನ ಹೆಂಡತಿ. ರೂಢಿ ತಿಳಿದವರಿರಬೇಕು, ಇಬ್ಬರೂ ನಗುತ್ತಾ ಬಂದು ಎಲ್ಲರ ಕೆನ್ನೆಗೂ ಮುತ್ತಿಟ್ಟು ಇಳಿದು ಹೋದರು. ಜೋಡಿಸಿಟ್ಟ ಬೈಗುಳ ಝೆನ್ಸಿಯ ಬಾಯಲ್ಲೇ ಉಳಿಯಿತು.

ಬುರ್ಗಾ ಶಿಲುಬೆಯನ್ನು ತಬ್ಬಿಕೊಂಡಳು. ಅತ್ತಳು, ನಕ್ಕಳು. ಸೊಸೆಗೂ ಝೆನ್ಸಿಗೂ ವಿಗಿಲ್‌ಗೂ ಲೊಚಲೊಚನೆ ಮುತ್ತು ಕೊಟ್ಟಳು. ಆಮೇಲೆ ಚೀಲ ಬಿಚ್ಚಿ, ಬಂಡೆಯ ಮೇಲೆ ಬಟ್ಟೆ ಹಾಸಿ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಬ್ರೆಡ್ಡು, ಪೇರ್ ಹಣ್ಣಿನ ಸಾರಾಯಿ ಇಟ್ಟಳು. ಅದರ ಪಕ್ಕದಲ್ಲಿ ಎಲ್ಲರಿಗೂ ಒಂದೊಂದು ಲೋಟ.

ಗೆರ್ಲಿಂಡೆ ಲೋಟಗಳನ್ನು ನೋಡಿದಳು. ಅತ್ತೆಯನ್ನು ನೋಡಿದಳು. "ಅತ್ತೆ," ಎಂದಳು ಮೆಲ್ಲಗೆ, "ಹಾಗಾದ್ರೆ ಮಾವ ಎಲ್ಲಿ?"

"ಪಟ್ಟಣದಲ್ಲಿ ದವಡೆ ಹಲ್ಲು ಕೀಳಿಸ್ಕೊಳ್ತಿದಾರೆ, ಪಾಪ," ಎಂದಳು ಬುರ್ಗಾ. "ಬೆಳಗ್ಗೆ ನಾನೇ ಬಸ್ ಹತ್ತಿಸಿ ಬಂದೆ."