ಸೋಲಬೇಕಾದವನು

“ನಿನ್ನ ಹತ್ರ ಗೆಲ್ಲೂಕೆ ಹೇಳಿದ್ದು ಯಾರೋ?”

ಶ್ರೀರಾಮ ಮೇಜಿಗೆ ಗುದ್ದಿದ ರಭಸಕ್ಕೆ ಚಾ ಲೋಟ ಕುಣಿದು ಮುಂದಿದ್ದ ಕಾಗದದ ಮೇಲೆ ಚೆಲ್ಲಿತು. ಎದುರಿಗೆ ನಿಂತಿದ್ದ ವೆಂಕಟನ ಲುಂಗಿಯ ಅಂಚಿನಿಂದ ಐಸಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಮಂಕಿಯಿಂದ ಟೆಂಪೋದಲ್ಲಿ ಐಸು ತಂದು ಮೀನು ಮಾರ್ಕೆಟಿಗೆ ಇಳಿಸುತ್ತಿದ್ದವನನ್ನು, ಇದ್ದ ಹಾಗೇ ಬಾ ಎಂದು ಫೋನು ಮಾಡಿ ಕರೆಸಿ, ಕೂರು ಎಂದೂ ಹೇಳದೆ ಶ್ರೀರಾಮ ಶುರು ಮಾಡಿದ್ದ.

“ಎಂತ ಗೆದ್ದದ್ದು ಒಡ್ಯಾ? ಲಾಟ್ರಿಯಾ?”

“ಲಾಟ್ರಿ ಅಂತೆ! ಟೆಂಡರ್ ಮಾರಾಯಾ, ಟೆಂಡರ್! ಪುರಸಭೆಯವ್ರು ನಿನ್ನ ಹೆಸರಿಗೆ ಮಂಜೂರು ಮಾಡಿ ಕೂತಿದ್ದಾರೆ. ಇಷ್ಟು ವರ್ಷ ಸರಿಯಾಗಿ ಸೋಲ್ತಾ ಇದ್ದೆ, ಈಗ ಎಂತ ಆಯ್ತು ನಿಂಗೆ?”

ಸೋತದ್ದೇನೋ ಹೌದು. ಆ ಪುರಸಭೆಯಲ್ಲಿ ವೆಂಕಟ ಸೋತಷ್ಟು ಟೆಂಡರುಗಳನ್ನು ದೊಡ್ಡ ದೊಡ್ಡ ಕಂಪನಿಗಳೂ ಸೋತಿರಲಿಕ್ಕಿಲ್ಲ. ಬೀದಿದೀಪದಲ್ಲಿ ಸೋತಿದ್ದ, ಬ್ಲೀಚಿಂಗ್ ಪುಡಿಯಲ್ಲಿ ಸೋತಿದ್ದ, ಬೀದಿನಾಯಿ ಹಿಡಿಯುವುದರಲ್ಲಿ ಸೋತಿದ್ದ, ಅಧ್ಯಕ್ಷರ ಕೋಣೆಯ ತಿರುಗುವ ಕುರ್ಚಿಯಲ್ಲೂ ಸೋತಿದ್ದ. ಸೋತದ್ದು ಎಂತದರಲ್ಲಿ ಎಂದು ಅವನಿಗೆ ಒಂದು ಸಲವೂ ಗೊತ್ತಾಗಿರಲಿಲ್ಲ, ಅಷ್ಟೇ. ಸರಕಾರಕ್ಕೆ ಪೈಪೋಟಿ ಬೇಕು. ಒಬ್ಬನೇ ಬಂದರೆ ಅದಕ್ಕೆ ಸಮಾಧಾನವಿಲ್ಲ. ಹಾಗಾಗಿ ಕತಗಾಲದ ಕಂಟ್ರಾಕ್ಟರ್ ಶ್ರೀರಾಮ ಪೈಪೋಟಿಯನ್ನೂ ತನ್ನ ಡ್ರಾವರಿನಲ್ಲೇ ಸಾಕಿಕೊಂಡಿದ್ದ. ತನ್ನದೊಂದು ಕೀ, ಹೆಂಡತಿಯ ತಮ್ಮ ಸುಹಾಸನದೊಂದು, ವೆಂಕಟನದೊಂದು. ಕೀ ಎಂದರೆ ಬೀಗದ್ದಲ್ಲ, ಪೆನ್‌ಡ್ರೈವಿನಂಥದ್ದು. ಕಂಪ್ಯೂಟರಿಗೆ ಚುಚ್ಚಿದರೆ ಅದರ ಯಜಮಾನನೇ ಬಂದು ರುಜು ಹಾಕಿದ ಲೆಕ್ಕ. ಮೂರಕ್ಕೂ ಪಾಸ್‌ವರ್ಡ್ ಒಂದೇ, ಶ್ರೀರಾಮನ ಮನೆದೇವರ ಹೆಸರು. ದೇವರೂ ಪಾಪ, ಮೂರು ಕಡೆಯಿಂದ ಪೈಪೋಟಿಗೆ ನಿಲ್ಲುತ್ತಿದ್ದ. ಸೋತದ್ದಕ್ಕೆ ವೆಂಕಟನಿಗೆ ದೀಪಾವಳಿಗೊಂದು ಸ್ವೀಟ್ ಬಾಕ್ಸ್.

“ನಾ ಎಂತ ಮಾಡ್ದೆ? ನನ್ನ ಕೀ ನಿಮ್ಮ ಹತ್ರವೇ ಇತ್ತಲ್ಲ.”

“ಅದೇ ಆದದ್ದು!” ಶ್ರೀರಾಮ ಡ್ರಾವರು ಎಳೆದ. ಮೂರು ಕೀಗಳೂ ಕುಂಕುಮ ಹಚ್ಚಿಕೊಂಡು ಸಾಲಾಗಿ ಮಲಗಿದ್ದವು. “ನಂದಕ್ಕೆ ಕೆಂಪು ದಾರ ಕಟ್ಟಿದ್ದೆ. ಆಯುಧಪೂಜೆ ದಿವಸ ನನ್ನ ಹೆಂಡ್ತಿ ಪರಮೇಶ್ವರಿ, ದಾರ ಕೊಳೆಯಾಯ್ತು ಅಂತ ಕತ್ತರಿಸಿ, ಒರೆಸಿ, ಮೂರಕ್ಕೂ ಕುಂಕುಮ ಹಚ್ಚಿ ಇಟ್ಟಿದ್ದಾಳೆ. ನಾ ರೇಟು ತುಂಬೂದು ಯಾವಾಗ್ಲೂ ಕೊನೇ ಗಳಿಗೆಲಿ. ನೆಟ್ಟು ಬೇರೆ ನಿಧಾನ. ಕಂಪ್ಯೂಟರಲ್ಲಿ ಬಂದ ಹೆಸರು ಓದ್ತಾ ಕೂರ್ಲಾ? ಕಮ್ಮಿ ರೇಟು ನಿನ್ನ ಹೆಸರಲ್ಲಿ ಹೋಯ್ತು, ಜಾಸ್ತಿದು ನಂದರಲ್ಲಿ!”

ವೆಂಕಟನಿಗೆ ನಗು ಬಂತು. ನುಂಗಿಕೊಂಡ. “ಎಂತ ಕೆಲಸ ಅದು?”

“ಮೀನು ಮಾರ್ಕೆಟಿನ ಮಾಡಿಗೆ ಹೊಸ ಶೀಟು.”

ವೆಂಕಟನ ಹೆಂಡತಿ ಮಂಜಿ ಮೀನು ಮಾರಲು ಕೂರುವುದು ಆ ಮಾಡಿನ ಕೆಳಗೇ. ಹಿಂದಿನ ಸಲ ಇದೇ ಶ್ರೀರಾಮ ಹಾಕಿಸಿದ ಶೀಟು ಮೊದಲ ಮಳೆಗೇ ಸೋರಿ, ಮಳೆಗಾಲ ಪೂರ್ತಿ ಅವಳು ಒಂದು ಕೈಯಲ್ಲಿ ಕೊಡೆ ಹಿಡಿದೇ ಬಂಗುಡೆ ಎಣಿಸಿ ಕೊಟ್ಟಿದ್ದಳು. ರಾತ್ರಿ ಕೆಮ್ಮುತ್ತ, ಈ ಶೀಟು ಹಾಕಿದವನ ಕೈ ಸೇದಿ ಹೋಗ ಎಂದು ಶಾಪ ಹಾಕಿದ್ದಳು. ಹಾಗಾದರೆ ಆ ಸಲವೂ ಸೋತು ಅವನನ್ನು ಗೆಲ್ಲಿಸಿದವರಲ್ಲಿ ತಾನೂ ಒಬ್ಬ. ಪಕ್ಕದಲ್ಲೇ ಮಲಗಿ ಶಾಪ ಕೇಳಿ, ಹೌದು ಹೌದು ಎಂದವನೂ ತಾನೇ.

“ಇಲ್ಲಿ ರುಜು ಹಾಕು,” ಶ್ರೀರಾಮ ಚಾ ಚೆಲ್ಲಿದ ಕಾಗದ ದೂಡಿದ. “ನನಗೆ ಮೈ ಸರಿ ಇಲ್ಲ, ಕೆಲಸ ಮಾಡಲಾರೆ ಅಂತ ಬರೆಸಿದ್ದೆ. ಅವ್ರು ಮತ್ತೆ ಟೆಂಡರ್ ಕರೀತ್ರು, ನಾ ತಗಳ್ತೆ.”

“ಹಾಗೆ ಬಿಟ್ರೆ ನಂಗೆಂತ ಆಗ್ತದೆ?”

“ನಿನ್ನ ಹೆಸರು ಕಪ್ಪು ಪಟ್ಟಿಗೆ ಹೋಗ್ತದೆ, ಅಷ್ಟೇ. ಐಸು ಹೊರೂನಿಗೆ ಕಪ್ಪು ಎಂತದು, ಬಿಳಿ ಎಂತದು?”

ವೆಂಕಟ ಪೆನ್ನು ಎತ್ತಿಕೊಂಡ. ಮತ್ತೆ ಇಟ್ಟ. “ಆ ರೇಟಿಗೆ ಗಟ್ಟಿ ಶೀಟು ಹಾಕೂಕೆ ಆಗ್ತದಾ ಒಡ್ಯಾ? ಕಾಯ್ಕಿಣಿಲಿ ನನ್ನ ತಂಗಿ ಗಂಡ ಸುಮಿತ ಶೀಟು ಕೂರ್ಸೂ ಕೆಲಸನೇ ಮಾಡೂದು.”

“ಆಗದೆ ಎಂತ? ಹಾಕಿ, ಕೈಯಲ್ಲೂ ಉಳೀತದೆ.” ಇಂಥವರಿಗೆ ಪಾಠ ಹೇಳುವುದೆಂದರೆ ಶ್ರೀರಾಮನಿಗೆ ಸಿಟ್ಟಿನಲ್ಲೂ ಖುಷಿ. “ಆದ್ರೆ ಗಟ್ಟಿ ಹಾಕಿದ್ರೆ ಮುಂದಿನ ಸಲ ಟೆಂಡರ್ ಎಂತಕೆ ಕರೀತ್ರು? ಮಾಡು ಸೋರ್ಬೇಕು ಮಾರಾಯಾ. ಸೋರಿದ್ರೇ ಊರಿನ ಅಭಿವೃದ್ಧಿ.”

“ಅದೂ ಹೌದು ಅನ್ನಿ,” ಎಂದ ವೆಂಕಟ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಡ್ರಾವರಿನತ್ತ ಬಗ್ಗಿದ. “ಇದ್ರಲ್ಲಿ ನಂದು ಯಾವುದು?”

“ಯಾರಿಗೆ ಗೊತ್ತು! ಚುಚ್ಚಿ ನೋಡ್ಬೇಕು. ನೀ ಮೊದಲು ರುಜು ಹಾಕು.”

“ಮೂರೂ ಒಂದೇ ನಮೂನಿ ಕಾಣ್ತದೆ. ಮತ್ತೆ ತಪ್ಪಾಗೂದು ಬೇಡ.” ವೆಂಕಟ ಮೂರನ್ನೂ ಬಾಚಿ ಜೇಬಿಗೆ ಹಾಕಿಕೊಂಡ.

“ಏಯ್! ಎಂತ ಮಾಡ್ತೀ? ಇಡು ಅಲ್ಲಿ!”

“ಇನ್ನು ಮುಂದೆ ಸೋಲೂಕೆ ನಂಗೂ ಎರಡು ಜನ ಬೇಕಲ್ಲ, ಶ್ರೀರಾಮಣ್ಣ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕಳಿಸ್ತೆ.” ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವನು ತಿರುಗಿಯೂ ನೋಡದೆ, “ಒಂದು ಚಾ ಕುಡ್ಕಂಡು ಬತ್ತೆ,” ಎಂದ.

ಕೆಳಗೆ ಟೆಂಪೋ ಗರಗರ ಎಂದಿತು. ಶ್ರೀರಾಮ ಕಿಟಕಿಗೆ ಓಡುವಷ್ಟರಲ್ಲಿ ಅದು ಮಾರ್ಕೆಟಿನ ತಿರುವು ದಾಟಿತ್ತು. ಪುರಸಭೆಯ ಬಾಗಿಲು ಹಾಕುವ ಹೊತ್ತಿನ ತನಕ ಅವನು ಆ ಕಾಗದವನ್ನು ಫ್ಯಾನಿನ ಕೆಳಗೆ ಒಣಗಿಸಿಕೊಂಡು ಕಾದ. ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಕೇಳಲಿಲ್ಲ. ತೆರೆದೇ ಇದ್ದ ಡ್ರಾವರಿನಲ್ಲಿ ಕುಂಕುಮದ ಮೂರು ಗುರುತುಗಳು ಉಳಿದಿದ್ದವು. ಅದರಲ್ಲಿ ಗೆದ್ದವನದು ಯಾವುದು, ಸೋತವನದು ಯಾವುದು ಎಂದು ಈಗಲೂ ಹೇಳುವಂತಿರಲಿಲ್ಲ.