ಧೂಮಾವತಿಯ ನೈವೇದ್ಯ

"ಅಕ್ಕ, ನೈವೇದ್ಯ ಬಾಗ್ಲಲ್ಲೇ ಇಟ್ಟಿಕಿ ಒಳ್ಗ್ ಹೋಯ್ಕ್. ಚಾವಡಿಗೆ ಮುಖ ತೋರ್ಸುಕಾಗ" ಎಂದು ಕೃಷ್ಣಯ್ಯ ಅಡುಗೆಮನೆಯತ್ತ ತಿರುಗದೆಯೇ ಹೇಳಿದ.

ಅಮ್ಮಣ್ಣಿ ವಡೆ ಕರಿಯುತ್ತಲೇ ಹೂಂಗುಟ್ಟಿದಳು. ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ಸಾಲಿಗ್ರಾಮದ ಈ ತವರಿಗೆ ಮರಳಿದವಳಿಗೆ ಒಲೆ, ಬಾವಿಕಟ್ಟೆ ಇಷ್ಟೇ ಲೋಕ. ದಿನಕ್ಕೆ ಒಂದೇ ಊಟ; ಇವತ್ತು ಅದೂ ಪೂಜೆ ಮುಗಿದ ಮೇಲೆ. ದಾಯಾದಿಯ ಜತೆಗಿನ ವ್ಯಾಜ್ಯ ಕುಂದಾಪುರದ ಕೋರ್ಟಿನಲ್ಲಿ ತೀರ್ಪಿಗೆ ಬಂದಿತ್ತು. ಗೆಲ್ಲಲೇಬೇಕೆಂದು ತಮ್ಮ ಧೂಮಾವತಿ ಪೂಜೆ ಇಡಿಸಿದ್ದ. ಯುದ್ಧಕಾಲದ ರೇಷನ್ ಕಂಟ್ರೋಲಿನಲ್ಲೂ ಎಲ್ಲಿಂದಲೋ ವಡೆಗೆ ಉದ್ದು ಹುಟ್ಟಿಸಿದ್ದ.

ಚಾವಡಿಯಲ್ಲಿ ಪುರೋಹಿತ ಮಹಾಲಿಂಗ ಉಡುಪರು ದೇವಿಯ ರೂಪವನ್ನು ಬಿಡಿಸಿ ಹೇಳುತ್ತಿದ್ದರು. "ಇವ್ಳ್ ವಿಧವೆ, ಕೃಷ್ಣಯ್ಯ. ಹಣೆಗ್ ಕುಂಕುಮ ಇಲ್ಲೆ, ಕೈಗ್ ಬಳೆ ಇಲ್ಲೆ. ಹಸಿವು ತಡುಕಾಗ್ದೆ ಗಂಡ ಶಿವನ್ನೇ ನುಂಗಿದವ್ಳ್."

"ವಿಧವೆ ಅಂದ್ರೆ... ಅಪಶಕುನ ಅಲ್ದಾ?"

"ಛೆ, ದೇವಿ ಅಲ್ದಾ ಮಾರಾಯ! ಇವ್ಳ್ ಎದುರ್ ಬಂದ್ರೆ ಭಾಗ್ಯ. ಹಸ್ದವ್ಳಿಗೆ ಬಡ್ಸಿರೆ ಕೇಂಡ ವರ ಕೊಡ್ತಳ್."

"ಮಹಾತಾಯಿ!" ಕೃಷ್ಣಯ್ಯ ಕೆನ್ನೆ ಬಡಿದುಕೊಂಡು ಉದ್ದಕ್ಕೆ ಅಡ್ಡಬಿದ್ದ.

ಒಲೆಯ ಮುಂದೆ ಅಮ್ಮಣ್ಣಿಯ ಕೈ ನಿಂತಿತು. ಗಂಡನನ್ನು ತಿಂದುಕೊಂಡು ಬಂದವಳು! ಅಂದು ಅವಳನ್ನು ಹೊಸ್ತಿಲಲ್ಲೇ ತಡೆದು ಹಾಗೆಂದವಳು ಹೆತ್ತ ತಾಯಿ. ಮೂವತ್ತು ವರ್ಷ ಆ ಮಾತನ್ನು ನುಂಗಿಕೊಂಡೇ ಬದುಕಿದವಳಿಗೆ ಈಗ ನಗು ಒತ್ತರಿಸಿ ಬಂತು. ಜ್ವರದಲ್ಲಿ ಸತ್ತ ಆ ಬಡಪಾಯಿ ಹುಡುಗನನ್ನು ತಿನ್ನುವುದಿರಲಿ, ಅವನ ಮುಖವನ್ನೇ ಅವಳು ನೆಟ್ಟಗೆ ನೋಡಿರಲಿಲ್ಲ.

ಬಾಳೆಲೆಯ ತುಂಬ ಬಿಸಿ ವಡೆ ಹೇರಿಕೊಂಡು ಅವಳು ಸೀದಾ ಚಾವಡಿಗೆ ನಡೆದಳು. ಕಲಶದ ಪಕ್ಕದಲ್ಲಿ ಕಾಲು ಮಡಿಸಿ ಕೂತು, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಶುರುವಾಗಿದ್ದ ಉಡುಪರ ಮಂತ್ರ ಅರ್ಧಕ್ಕೇ ನಿಂತಿತು.

"ಅಕ್ಕಾ! ತಲೆ ಕೆಟ್ಟಿತಾ ನಿಂಗೆ? ಅದ್ ನೈವೇದ್ಯ!" ಕೃಷ್ಣಯ್ಯ ಎಲೆ ಕಿತ್ತುಕೊಳ್ಳಲು ಬಂದ. ಅಮ್ಮಣ್ಣಿ ಎಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಗಂಡನ್ನ ನುಂಗಿದವ್ಳಿಗೆ ಅಡ್ಡ ಬಿದ್ಯಲ್ಲ ತಮ್ಮಾ, ನಾನ್ ಒಂದ್ ವಡೆ ನುಂಗಿರೆ ನಿಂದ್ ಎಂತ ಹೋತ್ತ್?"

ಕೃಷ್ಣಯ್ಯ ಉಡುಪರ ಮುಖ ನೋಡಿದ. ಉಡುಪರು ಮಾಡಿನ ಜಂತಿ ನೋಡಿದರು.

ಅಮ್ಮಣ್ಣಿ ಇನ್ನೊಂದು ವಡೆ ಎತ್ತಿಕೊಂಡಳು. "ಮಂತ್ರ ಎಂತಕ್ ನಿಲ್ಸಿರಿ, ಉಡುಪ್ರೆ? ಹೇಳಿ, ಹೇಳಿ. ತಿಂಬವ್ಳ್ ಬಂದ್ ಕೂತಾಯ್ತಲೆ."